ಪಿಳ್ಳಮ್ಮನ ಕೈ ಹಿಡಿದ ಶುಕ್ರವಾರ

ಮಂಗಳವಾರ ಸಾಯಂಕಾಲ ಮಾರಮ್ಮ "ಬೇಡ" ಅಂದುಬಿಟ್ಟಳು.

ಬೇಡ ಅಂದಿದ್ದು ವಸಂತಮ್ಮನ ಕೆಲಸಕ್ಕೆ. ಹೂಡಿಯ ಹತ್ತಿರ ರೇಡಿಯೋ ಬಿಡಿಭಾಗ ಮಾಡುವ ಹೊಸ ಕಾರ್ಖಾನೆಯೊಂದರಿಂದ ಅವಳಿಗೆ ಕಾಗದ ಬಂದಿತ್ತು. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಗೇಟಿನಲ್ಲಿ ಹಾಜರಿರಬೇಕು, ತಪ್ಪಿದರೆ ಆ ಜಾಗ ಇನ್ನೊಬ್ಬರಿಗೆ. ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿ, ಮದುವೆಯಾಗಿ ಕಾಡುಗೋಡಿಗೆ ಬಂದು, ಎರಡು ವರ್ಷದಿಂದ ಮುದ್ದೆ ತಿರುವಿಕೊಂಡು ಕೂತಿದ್ದ ಹೆಣ್ಣಿಗೆ ಇಂಥ ಕಾಗದ ದಿನಾ ಬರುತ್ತದೆಯೇ? ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಸುರುಳಿ ಸುತ್ತುವ ಕೆಲಸ. ಪರೀಕ್ಷೆಗೆ ಹೋದ ದಿನ ಮೂವತ್ತು ಹೆಂಗಸರಲ್ಲಿ ತಂತಿ ಕಡಿಯದೆ ಸುತ್ತಿದವರು ನಾಲ್ಕೇ ಜನ, ಅದರಲ್ಲಿ ಇವಳೊಬ್ಬಳು. ಅವತ್ತಿನಿಂದ ಅವಳು ತನ್ನ ಬೆರಳುಗಳನ್ನು ಆಗಾಗ ನೋಡಿಕೊಂಡು ಒಳಗೊಳಗೇ ಹಿಗ್ಗುತ್ತಿದ್ದಳು.

ಮಾರಮ್ಮನಿಗೆ ಸ್ವಂತ ಬಾಯಿಲ್ಲವಲ್ಲ, ಪಿಳ್ಳಮ್ಮನ ಬಾಯಲ್ಲೇ ಬೇಡ ಅಂದದ್ದು. ಪಿಳ್ಳಮ್ಮ ವಸಂತಮ್ಮನ ಅತ್ತೆ. ಮಂಗಳವಾರ, ಶುಕ್ರವಾರ ಸಾಂಬ್ರಾಣಿ ಹೊಗೆ ಎದ್ದರೆ ಸಾಕು, ಪಿಳ್ಳಮ್ಮನ ರೆಪ್ಪೆ ಪಟಪಟ ಬಡಿದುಕೊಳ್ಳುತ್ತಿತ್ತು, ಕತ್ತು ಸಡಿಲವಾಗುತ್ತಿತ್ತು, ದನಿ ದಪ್ಪಗಾಗುತ್ತಿತ್ತು. ಆಮೇಲೆ ಮಾತಾಡುವವಳು ಮಾರಮ್ಮ. ಕಳೆದುಹೋದ ಎಮ್ಮೆ, ಮಗುವಿನ ಜ್ವರ, ಕೂಡಿಬರದ ಸಂಬಂಧ, ಎಲ್ಲಕ್ಕೂ ಅಲ್ಲಿ ಅಪ್ಪಣೆ ಸಿಗುತ್ತಿತ್ತು. ದೇವಿ ಇಳಿದ ಮೇಲೆ ಪಿಳ್ಳಮ್ಮನಿಗೆ ಒಂದಕ್ಷರವೂ ನೆನಪಿರುತ್ತಿರಲಿಲ್ಲ. "ಏನಂದ್ಲು ಅಮ್ಮ?" ಎಂದು ಕೇಳಿದವರನ್ನೇ ಕೇಳಿ ತಿಳಿದುಕೊಂಡು, "ಅಂಗಾ? ಸರಿ, ಅಂಗೇ ಮಾಡಿ" ಎಂದು ಎದ್ದು ಹಸುವಿಗೆ ಹುಲ್ಲು ಹಾಕಲು ಹೋಗುತ್ತಿದ್ದಳು.

ದೇವರು ಕೊಟ್ಟರೂ ಪೂಜಾರಿ ಬಿಡ ಅನ್ನುತ್ತಾರೆ. ಈ ಮನೆಯಲ್ಲಿ ದೇವರೇ ಕೊಡಲಿಲ್ಲ, ಇನ್ನು ಯಾರ ಕಾಲು ಹಿಡಿಯುವುದು?

ಗಂಡ ಆಂಜಿನಪ್ಪನ ಕಾಲು ಹಿಡಿದು ಪ್ರಯೋಜನವಿರಲಿಲ್ಲ. ಅವನು ಅಡ್ಡಗೋಡೆ ಮೇಲೆ ದೀಪ ಇಡುವ ಆಸಾಮಿ. "ನೀನು ಹೇಳೋದೂ ಸರಿ ಕಣೇ, ಅಮ್ಮ ಹೇಳೋದೂ ಸರಿ" ಎನ್ನುತ್ತ ಟವಲು ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದ. ಅವನ ಕಸುಬು ವಿಸಿಆರ್ ಬಾಡಿಗೆಗೆ ಕೊಡುವುದು. ಏಷ್ಯಾಡ್ ಆದ ಮೇಲೆ ಊರಿಗೆ ಕಲರ್ ಟೀವಿ ಹುಚ್ಚು ಹತ್ತಿತಲ್ಲ, ಆಗ ಎರಡು ಕುಂಟೆ ಜಮೀನು ಮಾರಿ ಒಂದು ಟೀವಿ, ಒಂದು ವಿಸಿಆರ್ ತಂದ. ಅವನ್ನು ಕಂಬಳಿಯಲ್ಲಿ ಸುತ್ತಿ ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿ ಮದುವೆಮನೆ, ನಾಮಕರಣದ ಮನೆ ಎಂದು ತಿರುಗುತ್ತಿದ್ದ. ಬಾಡಿಗೆ ಇಲ್ಲದ ಶುಕ್ರವಾರ ಸಾಯಂಕಾಲ ತನ್ನ ಮನೆಯಂಗಳದಲ್ಲೇ ಸಿನಿಮಾ ಹಾಕುತ್ತಿದ್ದ. ನಿಂಬೆಹಣ್ಣು ಹಿಡಿದು ಪಿಳ್ಳಮ್ಮನ ಮುಂದೆ ಕೂರುತ್ತಿದ್ದ ಜನ ಈಗ ಅವಳಿಗೆ ಬೆನ್ನು ಹಾಕಿ ಟೀವಿಯ ಮುಂದೆ ಕೂತರು. ಅಮ್ಮನನ್ನು ಕೇಳಲು ವಾರಕ್ಕೆ ಮೂರೋ ನಾಲ್ಕೋ ಮಂದಿ ಬಂದರೆ ಹೆಚ್ಚು. ಸಿನಿಮಾದ ದಿನ ಪಿಳ್ಳಮ್ಮ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂರುತ್ತಿದ್ದಳು, ಅಷ್ಟೇ.

ವಸಂತಮ್ಮನ ಕೈಯಲ್ಲಿ ಒಂದು ಅಸ್ತ್ರವಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ.

ಎರಡು ತಿಂಗಳ ಹಿಂದೆ ವೈಟ್‌ಫೀಲ್ಡಿನ ಇನ್ನರ್ ಸರ್ಕಲ್‌ನಲ್ಲಿ ಒಬ್ಬ ವಯಸ್ಸಾದ ಆಂಗ್ಲೋ ಇಂಡಿಯನ್ ಸಾಹೇಬ, ರೈಲ್ವೆಯಿಂದ ನಿವೃತ್ತನಾದವನು, ಮಗನ ಬಳಿ ಆಸ್ಟ್ರೇಲಿಯಾಕ್ಕೆ ಹೊರಟಿದ್ದ. ಮನೆ ಸಾಮಾನೆಲ್ಲ ಮಾರಿದ. ಆಂಜಿನಪ್ಪ ಅಲ್ಲಿಂದ ಮೂರು ಕ್ಯಾಸೆಟ್ಟು ತಂದ. ಇಂಗ್ಲಿಷ್ ಫೈಟಿಂಗ್ ಸಿನಿಮಾ ಎಂದು ಹೇಳಿ ಅಂಗಳದಲ್ಲಿ ಜನ ಸೇರಿಸಿ ಒಂದನ್ನು ಹಾಕಿದ. ನೋಡಿದರೆ ಕೋಟು ತೊಟ್ಟ ಬೋಳುತಲೆಯ ಬಿಳಿಯನೊಬ್ಬ ಬಂದವರ ಕೈ ಕುಲುಕುತ್ತಾನೆ, ಕೈ ಕೊಟ್ಟವರು ಅಲ್ಲೇ ತಲೆ ಜೋತುಬಿಟ್ಟು ನಿದ್ದೆ ಹೋಗುತ್ತಾರೆ. ಮತ್ತೊಬ್ಬ ಬರುತ್ತಾನೆ, ಅವನೂ ನಿದ್ದೆ. ಅರ್ಧ ಗಂಟೆ ಇದೇ. ಫೈಟೂ ಇಲ್ಲ, ಹಾಡೂ ಇಲ್ಲ. "ಏನ್ ಗುರು ಇದು, ಎಲ್ಲಾರನ್ನೂ ಮಲಗಿಸ್ತಾನಲ್ಲ, ನಮ್ಗೂ ನಿದ್ದೆ ಬರ್ತಾ ಐತೆ" ಎಂದು ಜನ ಬೈದು ಎದ್ದುಹೋದರು. ಆಂಜಿನಪ್ಪ ಕ್ಯಾಸೆಟ್ಟುಗಳನ್ನು ಗೂಡಿನಲ್ಲಿ ಬಿಸಾಕಿದ.

ಎತ್ತಿಕೊಂಡವಳು ವಸಂತಮ್ಮ. ಡಬ್ಬಿಯ ಮೇಲಿನ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದಳು. ಹಿಪ್ನಾಟಿಸಂ! ವಾರಪತ್ರಿಕೆಗಳ ಕೊನೆಯ ಪುಟದಲ್ಲಿ ಸಮ್ಮೋಹನ ವಿದ್ಯೆ ಎಂದು ಜಾಹೀರಾತು ಬರುತ್ತಿತ್ತಲ್ಲ, ಅದೇ. ಒಬ್ಬರನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ನಿದ್ದೆಗೆ ಕಳಿಸುವುದು ಹೇಗೆಂದು ಆ ಬೋಳುತಲೆಯವನು ಪಾಠ ಹೇಳುತ್ತಿದ್ದ. ಮಧ್ಯಾಹ್ನ ಅತ್ತೆ ಹಸು ಹೊಡೆದುಕೊಂಡು ಕೆರೆ ಕಡೆ ಹೋಗುತ್ತಿದ್ದಳು, ಗಂಡ ಬಾಡಿಗೆಗೆ ಗಿರಾಕಿ ಹುಡುಕಲು ಹೋಗುತ್ತಿದ್ದ. ಕರೆಂಟು ಇದ್ದರೆ ವಸಂತಮ್ಮ ಬಾಗಿಲು ಮುಂದೆ ಮಾಡಿಕೊಂಡು ಪಾಠಕ್ಕೆ ಕೂರುತ್ತಿದ್ದಳು. ಅವನ ಇಂಗ್ಲಿಷು ರೈಲಿನ ಹಾಗೆ ಓಡುತ್ತಿತ್ತು, ನಾಲ್ಕಾಣೆಯಷ್ಟೂ ಹತ್ತಲಿಲ್ಲ. ಆದರೆ ಕೈಬೆರಳು ನೋಡಲು ಇಂಗ್ಲಿಷು ಯಾಕೆ? ಕೈ ಚಾಚುತ್ತಾನೆ. ಎದುರಿನವನೂ ಚಾಚುತ್ತಾನೆ. ಎರಡು ಕೈ ಕೂಡುವ ಮೊದಲೇ ಎಡಗೈಯಿಂದ ಎದುರಿನವನ ಮಣಿಕಟ್ಟನ್ನು ಮೆಲ್ಲಗೆ ಹಿಡಿದು, ಅವನ ಅಂಗೈಯನ್ನು ಅವನ ಮುಖದ ಮುಂದೆಯೇ ಎತ್ತಿ ನಿಲ್ಲಿಸುತ್ತಾನೆ. ಎದುರಿನವನಿಗೆ ತಬ್ಬಿಬ್ಬು. ಅದೇ ಗಳಿಗೆಯಲ್ಲಿ ಹೆಗಲು ಅದುಮಿ "ಸ್ಲೀಪ್" ಎನ್ನುತ್ತಾನೆ. ಹಿಂದಕ್ಕೆ ತಿರುಗಿಸಿ, ಮುಂದಕ್ಕೆ ಓಡಿಸಿ, ಆ ಜಾಗವನ್ನೇ ನೂರು ಸಲ ನೋಡಿದಳು.

ನೋಡುತ್ತ ನೋಡುತ್ತ ಒಂದು ದಿನ ಮೈ ಜುಮ್ಮೆಂದಿತು. ಆ ಬಿಳಿಯರ ರೆಪ್ಪೆ ಪಟಪಟ ಬಡಿಯುತ್ತಿತ್ತು. ಕತ್ತು ಸಡಿಲವಾಗುತ್ತಿತ್ತು. ಅಯ್ಯೋ, ಇದು ನಮ್ಮತ್ತೆಯಲ್ಲವೇ!

ಮೊದಲ ಕ್ಯಾಸೆಟ್ಟು ಕೈ ಹಿಡಿಯುವುದು. ಎರಡನೆಯದು, ನಿದ್ದೆಯಲ್ಲಿರುವವರಿಗೆ ಮಾತು ಹೇಳಿಕೊಡುವುದು. ಸಿಗರೇಟು ಬಿಡು ಎಂದರೆ ಎದ್ದ ಮೇಲೂ ಬಿಡುತ್ತಾರಂತೆ, ಹಾಡು ಎಂದರೆ ಹಾಡುತ್ತಾರಂತೆ. ಮೂರನೆಯದು ಎಬ್ಬಿಸುವುದು. ಆ ಮೂರನೆಯದರ ಮೇಲೆ ಆಂಜಿನಪ್ಪ ಪಕ್ಕದ ಮನೆ ಭಾಗ್ಯಮ್ಮನ ಮೊಮ್ಮಗನ ನಾಮಕರಣವನ್ನು ವಿಡಿಯೋ ಕ್ಯಾಮೆರಾದವನಿಂದ ತುಂಬಿಸಿಬಿಟ್ಟಿದ್ದ! ಖಾಲಿ ಕ್ಯಾಸೆಟ್ಟಿಗೆ ಯಾಕೆ ದುಡ್ಡು ಹಾಕಬೇಕು ಎಂಬ ಬುದ್ಧಿವಂತಿಕೆ. ಹೀಗಾಗಿ ವಸಂತಮ್ಮನಿಗೆ ಮಲಗಿಸಲು ಬರುತ್ತಿತ್ತು, ಎಬ್ಬಿಸಲು ಬರುತ್ತಿರಲಿಲ್ಲ.

ಮಂಗಳವಾರದ ಆ "ಬೇಡ" ಕೇಳಿದ ಮೇಲೆ ಅವಳು ಒಂದು ನಿರ್ಧಾರಕ್ಕೆ ಬಂದಳು. ಮಾರಮ್ಮನಿಗಿಂತ ಮೊದಲು ತಾನೇ ಅತ್ತೆಯ ಕೈ ಹಿಡಿಯಬೇಕು. "ಸೊಸೆ ಕೆಲಸಕ್ಕೆ ಹೋಗಲಿ" ಎಂಬ ಒಂದು ಮಾತನ್ನು ಒಳಗೆ ಹಾಕಬೇಕು. ಮುಂದಿನದು ದೇವರಿಚ್ಛೆ.

ಬುಧವಾರ ಮಧ್ಯಾಹ್ನ ಭಾಗ್ಯಮ್ಮನ ಮೇಲೆ ಪ್ರಯೋಗ ನಡೆಯಿತು. ಭಾಗ್ಯಮ್ಮ ಹಿರಿಯಳು, ಬಾಯಿ ಜೋರು, ಮನಸ್ಸು ಬೆಣ್ಣೆ. ವಸಂತಮ್ಮ ಬಾಗಿಲಲ್ಲಿ ನಿಂತು ಗಂಭೀರವಾಗಿ ಬಲಗೈ ಚಾಚಿದಳು.

"ಏನೇ ಇದು?" ಭಾಗ್ಯಮ್ಮ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. "ಕೈ ಕುಲುಕೋಕೆ ನಾನೇನು ಬಿಡಿಓ ಸಾಹೇಬ್ರ?"

"ಸುಮ್ನೆ ಕೈ ಕೊಡಿ ಭಾಗ್ಯಕ್ಕಾ."

"ಓಗೇ ಅತ್ಲಾಗೆ, ಬಿಸಿಲು ಜಾಸ್ತಿ ಆಗೈತೆ ನಿಂಗೆ."

ವಸಂತಮ್ಮ ಪೆಚ್ಚಾಗಿ ಮನೆಗೆ ಬಂದು ಯೋಚಿಸಿದಳು. ಬಿಳಿಯರಿಗೆ ಕೈ ಕುಲುಕುವುದು ಅಭ್ಯಾಸ. ಕೈ ತಾನಾಗಿ ಹೋಗುತ್ತದೆ, ಮನಸ್ಸಿಗೆ ಅದರ ಅರಿವಿರುವುದಿಲ್ಲ. ಹಾಗೆ ಹೋಗುವ ಕೈಯನ್ನು ನಡುವೆ ತಡೆಯಬೇಕು, ಅದೇ ಗುಟ್ಟು. ನಮ್ಮವರ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆ? ಯೋಚಿಸುತ್ತಿದ್ದವಳ ಕಣ್ಣು ದೇವರ ಗೂಡಿನ ಕುಂಕುಮದ ಬಟ್ಟಲಿನ ಮೇಲೆ ಬಿತ್ತು. ನಗು ಬಂದುಬಿಟ್ಟಿತು.

ಮಾರನೆಯ ದಿನ ಭಾಗ್ಯಮ್ಮನನ್ನು ಮನೆಗೆ ಕರೆದು ಕೂರಿಸಿ, ಹೊರಡುವ ಹೊತ್ತಿಗೆ "ಕುಂಕುಮ ಇಟ್ಕೊಂಡು ಹೋಗಿ" ಎಂದು ಬಟ್ಟಲು ಹಿಡಿದಳು. ಮುತ್ತೈದೆಯ ಕೈ ತಡೆಯುತ್ತದೆಯೇ? ಬೆರಳು ಚೂಪು ಮಾಡಿಕೊಂಡು ಭಾಗ್ಯಮ್ಮನ ಕೈ ಬಂತು. ಬಟ್ಟಲು ಮುಟ್ಟುವ ಮೊದಲೇ ವಸಂತಮ್ಮ ಮಣಿಕಟ್ಟು ಹಿಡಿದು, ಅಂಗೈಯನ್ನು ಅವಳ ಮುಖದ ಮುಂದೆ ಎತ್ತಿ, "ಕೈ ನೋಡಿ ಭಾಗ್ಯಕ್ಕಾ, ಕಣ್ಣು ಭಾರ, ನಿದ್ದೆ!" ಎಂದಳು.

ಭಾಗ್ಯಮ್ಮ ಒಂದು ಸಲ ಬಾಯಿ ತೆರೆದಳು. ಆಮೇಲೆ ಗೋಡೆಗೆ ಒರಗಿ ಜಾರಿ ಕೂತು ಗೊರಕೆ ಹೊಡೆಯತೊಡಗಿದಳು.

ಸಂತೋಷ ಒಂದು ನಿಮಿಷ ಇತ್ತು. ಆಮೇಲೆ ವಸಂತಮ್ಮನಿಗೆ ತನಗೆ ಎಬ್ಬಿಸಲು ಬಾರದೆಂಬುದು ನೆನಪಾಯಿತು. "ಭಾಗ್ಯಕ್ಕಾ, ಏಳಿ" ಎಂದಳು. ಇಲ್ಲ. ಭುಜ ಅಲುಗಾಡಿಸಿದಳು, ನೀರು ಚಿಮುಕಿಸಿದಳು. ಭಾಗ್ಯಮ್ಮ ನಿದ್ದೆಯಲ್ಲೇ ನಾಲಿಗೆ ಚಾಚಿ ನೀರು ನೆಕ್ಕಿದಳೇ ಹೊರತು ಕಣ್ಣು ಬಿಡಲಿಲ್ಲ. ಗಂಡ ಬಂದರೆ ಏನು ಹೇಳುವುದು, ಊರು ಏನೆಂದೀತು? ದಿಕ್ಕು ತೋಚದೆ ಮೂರನೇ ಕ್ಯಾಸೆಟ್ಟನ್ನೇ ಹಾಕಿದಳು, ನಾಮಕರಣ ಮುಗಿದ ಮೇಲಾದರೂ ಬೋಳುತಲೆಯವನ ಪಾಠ ಒಂದಿಷ್ಟು ಉಳಿದಿರಬಹುದೆಂಬ ಆಸೆಯಿಂದ. ಪಾಠ ಬರಲಿಲ್ಲ. ತೊಟ್ಟಿಲು ಬಂತು, ತೊಟ್ಟಿಲ ಪಕ್ಕದಲ್ಲಿ ಹೊಸ ಸೀರೆಯುಟ್ಟ ಭಾಗ್ಯಮ್ಮ ಬಂದಳು, ಗಂಟಲು ಬಿಚ್ಚಿ ಜೋಗುಳ ಶುರು ಮಾಡಿದಳು. ಶ್ರುತಿ ಎಲ್ಲಿಯೋ, ದನಿ ಎಲ್ಲಿಯೋ.

ಗೋಡೆಗೊರಗಿದ್ದ ಭಾಗ್ಯಮ್ಮ ಧಡಕ್ಕನೆ ಎದ್ದು ಕೂತಳು. "ಏಯ್, ನನ್ನ ಆಡು! ಸೌಂಡ್ ಜಾಸ್ತಿ ಮಾಡೇ!"

ವಸಂತಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಭಾಗ್ಯಮ್ಮನಿಗೋ ಎಲ್ಲಿಲ್ಲದ ಹುಮ್ಮಸ್ಸು. "ಏನ್ ಮಾಡ್ದೆ ನಂಗೆ? ಮೂರು ವರ್ಷದಿಂದ ಇಂಗೆ ನಿದ್ದೆ ಬಂದಿರ್ನಿಲ್ಲ ಕಣೇ. ನಾಳೆನೂ ಬರ್ಲಾ?" ಎಂದು ಕೇಳಿ, ತನ್ನ ಜೋಗುಳ ಮುಗಿಯುವ ತನಕ ಕೂತಿದ್ದು ಹೋದಳು.

ಶುಕ್ರವಾರ ಬೆಳಿಗ್ಗೆ. ಪೂಜೆಯಾದ ಮೇಲೆ ಸೊಸೆ ಅತ್ತೆಯ ಕಾಲಿಗೆ ನಮಸ್ಕಾರ ಮಾಡುವುದು ಆ ಮನೆಯ ಪದ್ಧತಿ. ಸೊಸೆ ಬಾಗಿದರೆ ಸಾಕು, ಮನಸ್ಸಿನಲ್ಲಿ ಎಷ್ಟೇ ಸಿಟ್ಟಿರಲಿ, ಪಿಳ್ಳಮ್ಮನ ಬಲಗೈ ತಾನಾಗಿ ತಲೆಯ ಕಡೆ ಇಳಿಯುತ್ತಿತ್ತು. ವಸಂತಮ್ಮ ಕಣ್ಣಿಟ್ಟಿದ್ದು ಆ ಕೈಯ ಮೇಲೆ. ಗಂಡನಿಗೆ ವಿಷಯ ಹೇಳಿದಳು. ಅತ್ತೆ ಬಿದ್ದರೆ ಹಿಡಿದುಕೊಳ್ಳಲು ಒಬ್ಬರು ಬೇಕಲ್ಲ.

"ನನ್ ಹೆತ್ತಮ್ಮನ್ನ ನಾನೇ ಹಿಡ್ಕೊಡ್ಬೇಕಾ?" ಎಂದು ಆಂಜಿನಪ್ಪ ಕಣ್ಣು ಅಗಲಿಸಿದ.

"ಹಿಡ್ಕೊಡೋದು ಬೇಡ ರೀ, ಹಿಡ್ಕೊಳ್ಳಿ. ನಂಗೆ ಇನ್ನು ಮೂರೇ ದಿನ ಇರೋದು."

ಅವಳ ಮುಖ ನೋಡಿ ಅವನು ಸುಮ್ಮನೆ ಹೋಗಿ ಕಂಬದ ಹಿಂದೆ ನಿಂತ.

ಮಂಗಳಾರತಿಯಾಯಿತು. ಪಿಳ್ಳಮ್ಮ ಕಂಬದ ಮುಂದೆ ನಿಂತು ಕಣ್ಣಿಗೊತ್ತಿಕೊಂಡಳು. ವಸಂತಮ್ಮ ಬಾಗಿದಳು. ಕೈ ಇಳಿಯಿತು. ತಲೆ ಮುಟ್ಟುವ ಮೊದಲೇ ಎದ್ದು, ಆ ಮಣಿಕಟ್ಟು ಹಿಡಿದು, ಬಿರುಕು ಬಿಟ್ಟ ಅಂಗೈಯನ್ನು ಅತ್ತೆಯ ಮುಖದ ಮುಂದೆ ಎತ್ತಿ, "ಕೈ ನೋಡಿ ಅತ್ತೆ" ಎಂದಳು. ಮುಂದಿನ ಮಾತೇ ಬೇಕಾಗಲಿಲ್ಲ. ಮೂವತ್ತು ವರ್ಷದಿಂದ ಆ ದಾರಿಯಲ್ಲಿ ಓಡಾಡಿದ ಜೀವ ಅದು. ರೆಪ್ಪೆ ಎರಡು ಸಲ ಬಡಿಯಿತು, ಕತ್ತು ಜೋತಿತು. ಆಂಜಿನಪ್ಪ "ಅಮ್ಮೋ" ಎಂದು ಹಿಂದಿನಿಂದ ಹಿಡಿದು ಮೆಲ್ಲಗೆ ಕಂಬಕ್ಕೆ ಒರಗಿಸಿದ.

ವಸಂತಮ್ಮ ಅತ್ತೆಯ ಕಿವಿಯ ಹತ್ತಿರ ಬಾಗಿದಳು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಪಿಳ್ಳಮ್ಮನ ಮೈ ಅಲುಗಿತು, ಕೈ ನಡುಗಿತು, ಗಂಟಲಿನಿಂದ ಆ ದಪ್ಪ ದನಿ ಹೊರಟಿತು.

"ಯಾಕ್ರೋ ಕರೆದ್ರಿ?"

ಆಂಜಿನಪ್ಪ ದಬಕ್ಕನೆ ಅಡ್ಡಬಿದ್ದ. ಆಗಿದ್ದಿಷ್ಟೇ. ಕರೆದದ್ದು ನಿದ್ದೆಯನ್ನು, ಬಂದದ್ದು ಮಾರಮ್ಮ. ಬೋಳುತಲೆಯವನ ಯಾವ ಕ್ಯಾಸೆಟ್ಟಿನಲ್ಲೂ ಇದಕ್ಕೆ ಪಾಠವಿರಲಿಲ್ಲ. ನಿದ್ದೆಯಲ್ಲಿರುವ ಅತ್ತೆಗೆ ಅಪ್ಪಣೆ ಕೊಡಬಹುದು, ದೇವಿಗೆ ಕೊಡುವುದುಂಟೆ? ದೇವಿಯನ್ನು ಕೇಳಬೇಕು, ಅಷ್ಟೇ. ಕೆಲಸಕ್ಕೆ ಹೋಗಲೇ ಎಂದು ಕೇಳಿದರೆ ಉತ್ತರ ಮಂಗಳವಾರವೇ ಬಂದಾಗಿತ್ತು. ವಸಂತಮ್ಮ ಕೈ ಮುಗಿದಳು. ಬಾಯಿಂದ ಬಂದದ್ದು ಅವಳು ಯೋಚಿಸಿದ ಮಾತಲ್ಲ.

"ತಾಯೀ, ನಮ್ಮತ್ತೆಗೆ ನನ್ನ ಮೇಲೆ ಏನು ಸಿಟ್ಟು?"

ಪಿಳ್ಳಮ್ಮನ ತಲೆ ಆ ಕಡೆ ಈ ಕಡೆ ತೂಗುತ್ತಿತ್ತು.

"ಇವ್ಳಿಗಾ?" ಎಂದಿತು ದನಿ, ಪಿಳ್ಳಮ್ಮನ ಎದೆಯನ್ನೇ ಮುಟ್ಟಿ ತೋರಿಸಿ. "ಇವ್ಳನ್ನ ಯಾರು ಕೇಳಿದ್ರು? ಸೊಸೆ ತವರಿಗೆ ಓಗ್ತೀನಿ ಅಂತ ಸುಳ್ಳು ಏಳಿ ಪರೀಕ್ಷೆಗೆ ಓಗ್ಬಂದ್ಲು. ಕಾಗದ ಬಂದಾಗ ಗೋಡೆ ಆರಿ ಭಾಗ್ಯಿಗೆ ಓದಿ ತೋರ್ಸಿದ್ಲು, ಬಾಯಿಗೆ ಸಕ್ರೆ ಆಕಿದ್ಲು. ಇವ್ಳು ಕೊಟ್ಟಿಗೇಲಿ ಸಗಣಿ ಬಾಚ್ತಾ ಇದ್ಲು. ಎಲ್ಲಾ ಕೇಳುಸ್ತು. ಇವ್ಳ ಬಾಯಿಗೆ ಒಂದು ಅಳ್ಳು ಸಕ್ರೆ ಬಿತ್ತಾ? ಊರೋರೆಲ್ಲ ಇವ್ಳನ್ನ ಕೇಳ್ತಿದ್ರು, ಈಗ ಊರೂ ಕೇಳಲ್ಲ, ಮನೇನೂ ಕೇಳಲ್ಲ. ಮಗ ಬಂದು ಸೋಮವಾರದಿಂದ ಓಗ್ತಾಳೆ ಅಂತ ಏಳ್ದ. ಕೇಳಿದ್ನಾ?"

ವಸಂತಮ್ಮನ ಮುಖಕ್ಕೆ ಯಾರೋ ಹೊಡೆದಂತಾಯಿತು. ಎಲ್ಲವೂ ನಿಜ. ಕಾಗದ ಬಂದ ದಿನ ಅತ್ತೆ ಹತ್ತು ಮಾರು ದೂರದಲ್ಲಿದ್ದಳು. ಹೇಳಿದರೆ ಬೇಡ ಅಂತಾಳೆ ಎಂದು ತಾನೇ ಲೆಕ್ಕ ಹಾಕಿ, ಹೇಳದೆ ಉಳಿದಿದ್ದಳು. ಬೇಡ ಅನ್ನುವುದಕ್ಕೂ ಒಂದು ಅವಕಾಶ ಕೊಟ್ಟಿರಲಿಲ್ಲ. ನಾಚಿಕೆಯಿಂದ ಅವಳಿಗೆ ತಲೆ ಎತ್ತಲಾಗಲಿಲ್ಲ.

"ತಪ್ಪಾಯ್ತು ತಾಯೀ" ಎಂದಳು. ಆಂಜಿನಪ್ಪ ಕರ್ಪೂರ ಹಚ್ಚಿದ. ಈ ವಿದ್ಯೆಯಲ್ಲಿ ಎಬ್ಬಿಸುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕರ್ಪೂರ ಎತ್ತಿದರು, ನಿಂಬೆಹಣ್ಣು ಇಳಿತೆಗೆದರು, ತೀರ್ಥ ಚಿಮುಕಿಸಿದರು. ದೇವಿ ಇಳಿದಳು. ಪಿಳ್ಳಮ್ಮ ಕಣ್ಣುಜ್ಜಿಕೊಂಡು ಸುತ್ತ ನೋಡಿದಳು.

"ಇದೇನು, ಬೆಳ್ಬೆಳಗ್ಗೆನೇ ಬಂದಿದ್ಲಾ? ಏನಂದ್ಲು ಅಮ್ಮ?"

ಆಂಜಿನಪ್ಪನಿಗೆ ಜೀವಮಾನದಲ್ಲಿ ಮೊದಲ ಸಲ ಧೈರ್ಯ ಬಂದುಬಿಟ್ಟಿತು. "ಓಗ್ಲಿ ಅಂದ್ಲಮ್ಮ! ಸೊಸೆ ಕೆಲ್ಸಕ್ಕೆ ಓಗ್ಲಿ, ಒಳ್ಳೇದಾಯ್ತದೆ ಅಂದ್ಲು!" ಎಂದು ಒಂದೇ ಉಸಿರಿಗೆ ಹೇಳಿ ಹೆಂಡತಿಯ ಕಡೆ ಕಣ್ಣು ಮಿಟುಕಿಸಿದ. ಬರಬಾರದ ಹೊತ್ತಿನಲ್ಲಿ ಬಂದ ಧೈರ್ಯ!

ಪಿಳ್ಳಮ್ಮ ಸೊಸೆಯ ಕಡೆ ತಿರುಗಿದಳು. "ಔದೇನೇ?"

ತಲೆಯಾಡಿಸಿದರೆ ಮುಗಿಯಿತು. ಮಾತೂ ಬೇಡ. ಮಾರಮ್ಮನ ಮಾತನ್ನು ಪಿಳ್ಳಮ್ಮ ಯಾವತ್ತೂ ಮೀರಿದವಳಲ್ಲ. ಸೋಮವಾರ, ಎಂಟೂವರೆ, ಗೇಟು, ತಂತಿ ಸುತ್ತುವ ಬೆರಳು, ಎಲ್ಲ ವಸಂತಮ್ಮನ ಕಣ್ಣಮುಂದೆ ಹಾದುಹೋಯಿತು. ಹಾಳಾದ ಬಾಯಿ ಸುಮ್ಮನಿರಬೇಕಲ್ಲ!

"ಇಲ್ಲ ಅತ್ತೆ. ಅಮ್ಮ ಹಂಗೆ ಅನ್ನಲಿಲ್ಲ."

ಆಂಜಿನಪ್ಪ ಹಣೆ ಚಚ್ಚಿಕೊಂಡ.

"ನಿಮ್ಮನ್ನ ನಾನು ಕೇಳಬೇಕಾಗಿತ್ತು ಅಂದ್ಲು. ಕಾಗದ ನಿಮ್ಗೆ ಮೊದಲು ತೋರಿಸಬೇಕಾಗಿತ್ತು ಅಂದ್ಲು. ನಂದೇ ತಪ್ಪು ಅತ್ತೆ. ನಾನು ಇವತ್ತು ನಿಮ್ಮ ಕೈ ಹಿಡಿದಿದ್ದೂ ಒಳ್ಳೇದಕ್ಕಲ್ಲ. ನಿಮ್ಮನ್ನ ನಿದ್ದೆಗೆ ಹಾಕಿ, ನಿಮ್ಮ ಬಾಯಲ್ಲಿ ಹೂಂ ಅನ್ನಿಸೋಣ ಅಂತ ಇದ್ದೆ." ಅಷ್ಟು ಹೇಳುವಷ್ಟರಲ್ಲಿ ಅಳು ನುಗ್ಗಿ ಬಂತು.

ಪಿಳ್ಳಮ್ಮ ಮುಖದ ಮೇಲಿನ ತೀರ್ಥವನ್ನು ಸೆರಗಿನಿಂದ ಒರೆಸಿಕೊಂಡಳು. ಆಮೇಲೆ ಕಾಲು ನೀಡಿಕೊಂಡು ಕೂತಳು. "ಎಲ್ಲಿ, ತತ್ತಾ ಆ ಕಾಗದಾನ" ಎಂದಳು.

ವಸಂತಮ್ಮ ಪೆಟ್ಟಿಗೆಯಿಂದ ಕಾಗದ ತಂದಳು. ಒಂದು ಸಾಲು ಇಂಗ್ಲಿಷಿನಲ್ಲಿ ಓದುವುದು, ಅದನ್ನು ಕನ್ನಡದಲ್ಲಿ ಹೇಳುವುದು, ಹೀಗೆ ಮೇಲಿನ ನಂಬರಿನಿಂದ ಹಿಡಿದು ಕೆಳಗಿನ ಸೀಲಿನವರೆಗೆ ಓದಿದಳು. ಪಿಳ್ಳಮ್ಮ ನಡುವೆ ನಡುವೆ ಪ್ರಶ್ನೆ ಹಾಕಿದಳು. ಎಷ್ಟೊತ್ತಿಗೆ ಬಿಡ್ತಾರೆ? ಗಂಡಸ್ರೂ ಹೆಂಗಸ್ರೂ ಒಟ್ಟಿಗಾ? ಮಧ್ಯಾಹ್ನಕ್ಕೆ ಊಟ ಯಾರು ಕೊಡ್ತಾರೆ? ತಂತಿ ಕಡಿದೋದ್ರೆ ಬೈತಾರಾ? ಕೊನೆಗೆ ಕಾಗದವನ್ನು ತನ್ನ ಕೈಗೆ ತೆಗೆದುಕೊಂಡು, ಅಕ್ಷರ ಬಾರದಿದ್ದರೂ ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಈಗ ಕೇಳ್ತಾ ಇದೀನಿ ಅತ್ತೆ. ಹೋಗಲಾ?"

"ನೋಡಾನ" ಎಂದಳು ಪಿಳ್ಳಮ್ಮ. ಎದ್ದು ಹಸು ಬಿಚ್ಚಿಕೊಂಡು ಹೊರಟುಬಿಟ್ಟಳು.

ನೋಡಾನ! ಅದಕ್ಕಿಂತ ಬೈದಿದ್ದರೇ ಮೇಲಾಗಿತ್ತು. "ಕೈಗೆ ಬಂದ ತುತ್ತನ್ನ ನೀನೇ ಬೀಳಿಸಿಬಿಟ್ಟೆಯಲ್ಲೇ" ಎಂದು ಆಂಜಿನಪ್ಪ ಶುಕ್ರವಾರವಿಡೀ ಗೊಣಗಿದ.

ಶನಿವಾರ ಮಧ್ಯಾಹ್ನ ಪಿಳ್ಳಮ್ಮ ಕೆರೆಗೆ ಹೋಗಲಿಲ್ಲ. "ಆ ಬೋಳಪ್ಪನ ಆಕು, ನಾನೂ ನೋಡ್ತೀನಿ" ಎಂದು ಟೀವಿಯ ಮುಂದೆ ಬಂದು ಕೂತಳು. ವಸಂತಮ್ಮ ಮೊದಲನೇ ಕ್ಯಾಸೆಟ್ಟು ಹಾಕಿದಳು. ಇಬ್ಬರು ಬಿಳಿಯರು ನಿದ್ದೆ ಹೋಗುವ ತನಕ ಪಿಳ್ಳಮ್ಮ ಸುಮ್ಮನಿದ್ದಳು. ಮೂರನೆಯವನ ಹೊತ್ತಿಗೆ ಅವಳಿಗೆ ತಡೆಯಲಾಗಲಿಲ್ಲ.

"ಥೂ, ಸಾಂಬ್ರಾಣಿ ಇಲ್ಲ, ನಿಂಬೆಅಣ್ಣಿಲ್ಲ, ಬೂಟು ಆಕ್ಕೊಂಡು ನಿಂತವ್ನೆ. ಬರೀ ನಿದ್ದೆ ಬರ್ಸಿ ಏನ್ ಮಾಡ್ತಾನೆ? ಅವ್ರನ್ನ ಏನಾದ್ರೂ ಕೇಳ್ತಾನಾ?"

"ಇಲ್ಲ ಅತ್ತೆ, ಇವನೇ ಹೇಳ್ತಾನೆ. ಅವ್ರು ಕೇಳಿಸ್ಕೊತಾರೆ."

"ಅದೇ ಮತ್ತೆ. ಅರ್ಧ ಇದ್ಯೆ ಕಲ್ತವ್ನೆ" ಎಂದು ತೀರ್ಪು ಕೊಟ್ಟಳು. ಆಮೇಲೆ ಸ್ವಲ್ಪ ನಾಚಿಕೊಂಡು, "ನಿನ್ನೆ ನೀನು ಕೈ ಇಡ್ದ ಮೇಲೆ ಸಂಜೆ ಗಂಟ ಮಂಡಿ ನೋವು ಇರ್ನಿಲ್ಲ ಕಣಮ್ಮಿ. ಬೋಳಪ್ಪಂದೂ ತಕ್ಕಮಟ್ಟಿಗೆ ಐತೆ ಬಿಡು" ಎಂದಳು. ಕೆಲಸದ ಮಾತು ಎತ್ತಲೇ ಇಲ್ಲ. ಭಾನುವಾರವೂ ಎತ್ತಲಿಲ್ಲ. ವಸಂತಮ್ಮ ಕೇಳಲಿಲ್ಲ. ಒಂದು ಸಲ ಕೇಳಿಯಾಗಿದೆ, ಇನ್ನು ಉತ್ತರ ಹೇಳುವ ಹಕ್ಕು ಅವಳದು ಎಂದು ಹಲ್ಲು ಕಚ್ಚಿಕೊಂಡಳು. ಭಾನುವಾರ ರಾತ್ರಿ ಊಟವೇ ಸೇರಲಿಲ್ಲ.

ಸೋಮವಾರ ಕೋಳಿ ಕೂಗುವ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆ ಸದ್ದಾಯಿತು. ವಸಂತಮ್ಮ ಎದ್ದು ಹೋಗಿ ನೋಡಿದರೆ ಪಿಳ್ಳಮ್ಮ ಒಲೆಯ ಮುಂದೆ ಚಿತ್ರಾನ್ನ ಕಲಸುತ್ತಿದ್ದಳು. ಪಕ್ಕದಲ್ಲಿ ಆಂಜಿನಪ್ಪನ ಹಳೆಯ ಟಿಫನ್ ಬಾಕ್ಸು ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಹೊಳೆಯುತ್ತಿತ್ತು.

"ಇನ್ನೂ ಏನ್ ನಿಂತಿದ್ದೀಯೇ? ಸ್ನಾನ ಮಾಡೋಗು. ಏಳು ಗಂಟೆ ಬಸ್ಸು ತಪ್ಪಿದ್ರೆ ಎಂಟೂವರೆಗೆ ಎಲ್ಲಿ ಓಗ್ತೀಯ?"

ಪಿಳ್ಳಮ್ಮ ಡಬ್ಬಿಯಿಂದ ಒಂದು ಚಿಟಿಕೆ ಸಕ್ಕರೆ ತೆಗೆದು ಮೊದಲು ತನ್ನ ಬಾಯಿಗೆ ಹಾಕಿಕೊಂಡಳು, ಆಮೇಲೆ ಸೊಸೆಯ ಬಾಯಿಗೆ ಹಾಕಿದಳು.

ಬಸ್ ಸ್ಟಾಪಿನವರೆಗೂ ಅವಳೇ ಜೊತೆಗೆ ಬಂದಳು. ಕಾಲು ಗಂಟೆಯ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು, ಯಾಕೆಂದರೆ ಎದುರಿಗೆ ಸಿಕ್ಕವರನ್ನೆಲ್ಲ ನಿಲ್ಲಿಸಿದಳು. ಹಾಲಿನವನನ್ನು ನಿಲ್ಲಿಸಿದಳು, ನಲ್ಲಿಯ ಹತ್ತಿರ ಕೊಡ ಹಿಡಿದ ಹೆಂಗಸರನ್ನು ನಿಲ್ಲಿಸಿದಳು, ಭಾಗ್ಯಮ್ಮನನ್ನಂತೂ ಮನೆಯಿಂದ ಹೊರಗೆ ಕರೆದು ನಿಲ್ಲಿಸಿದಳು. "ನಮ್ ವಸಂತನ್ನ ಕಾರ್ಖಾನೆ ಕೆಲ್ಸಕ್ಕೆ ಕಳಿಸ್ತಾ ಇವ್ನಿ. ಮೂವತ್ತು ಜನದಾಗೆ ನಾಲ್ಕೇ ಜನ ಪಾಸಂತೆ. ನನ್ನ ಕೇಳಿದ್ಲು, ಓಗು ಅಂದೆ" ಎಂದು ಎಲ್ಲರಿಗೂ ಅದನ್ನೇ ಹೇಳಿದಳು. ಎಲ್ಲ ಗೊತ್ತಿದ್ದ ಭಾಗ್ಯಮ್ಮ ಕೂಡ ಈಗಷ್ಟೇ ಕೇಳಿದವಳ ಹಾಗೆ "ಔದಾ ಪಿಳ್ಳಕ್ಕಾ!" ಎಂದು ಗಲ್ಲದ ಮೇಲೆ ಕೈಯಿಟ್ಟಳು. ಬಸ್ಸು ಬಂತು. ಪಿಳ್ಳಮ್ಮ ಕಂಡಕ್ಟರಿಗೂ ಹೇಳಿಯೇ ಬಿಟ್ಟಳು.

ಕಾರ್ಖಾನೆಯ ಗೇಟಿನಲ್ಲಿ ಕನ್ನಡಕದ ಗುಮಾಸ್ತನೊಬ್ಬ ದಪ್ಪ ಪುಸ್ತಕ ತೆರೆದುಕೊಂಡು ಕೂತಿದ್ದ. ವಸಂತಮ್ಮನ ಕಾಗದ ನೋಡಿ, ತಾಳಿ ನೋಡಿ, ನಿಟ್ಟುಸಿರು ಬಿಟ್ಟ.

"ಮನೇಲಿ ಕೇಳ್ಕೊಂಡು ಬಂದಿದೀಯೇನಮ್ಮ? ವಾರ ಆದ್ಮೇಲೆ ಅತ್ತೆ ಬೇಡ ಅಂದ್ರು ಅಂತ ಬಿಟ್ಟು ಹೋಗೋರೇ ಜಾಸ್ತಿ ಇಲ್ಲಿ."

"ಕೇಳ್ಕೊಂಡೇ ಬಂದಿದೀನಿ ಸಾರ್" ಎಂದಳು ವಸಂತಮ್ಮ. "ನಮ್ಮತ್ತೇನೇ ಕಳಿಸಿದ್ದು."

ಗುಮಾಸ್ತ ಪುಸ್ತಕವನ್ನು ಅವಳ ಕಡೆ ತಿರುಗಿಸಿದ. ಅವಳು ದುಂಡಗೆ ಹೆಸರು ಬರೆದು ಒಳಗೆ ಹೋದಳು.